ಘಟನೆ ನಡೆದ ಮನೆಯ ಬಾಗಿಲಲ್ಲಿ ಒಂದು ನೋಟ್‌ಬುಕ್ ಇಡಿಸಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಜಿಲ್ಲಾ ಪುಟದಲ್ಲಿ ಒಂದು ಮನೆಗಳ್ಳತನದ ಸುದ್ದಿ ಬಂದಿತ್ತು. ಜೊತೆಗೆ ಫೋಟೋ. ಬೀಗ ಮುರಿದ ತಿಜೋರಿ, ಕೆಳಗೆ ಚೆಲ್ಲಾಪಿಲ್ಲಿಯಾಗಿ ಬಿದ್ದ ಸೀರೆಗಳು, ಸುತ್ತ ಹತ್ತು ಹನ್ನೆರಡು ಮಂದಿ. ಒಬ್ಬರ ಕೈ ತಿಜೋರಿಯ ಬಾಗಿಲ ಮೇಲೇ ಇದೆ. ಇನ್ನೊಬ್ಬರು ಸೀರೆ ತುಳಿದುಕೊಂಡು ಮೊಬೈಲಿನಲ್ಲಿ ವಿಡಿಯೋ ಮಾಡುತ್ತಿದ್ದಾರೆ. ‘ಶ್ವಾನದಳ ಹಾಗೂ ಬೆರಳಚ್ಚು ತಜ್ಞರು ಸ್ಥಳಕ್ಕೆ ಭೇಟಿ ನೀಡಿ ಪರಿಶೀಲಿಸಿದರು’ ಎಂದು ಸುದ್ದಿಯ ಕೊನೆಗೆ ಬರೆದಿತ್ತು. ಆ ತಜ್ಞರಿಗೆ ಅಲ್ಲಿ ಯಾರ ಬೆರಳಚ್ಚು ಸಿಕ್ಕಿರಬಹುದು ಹೇಳಿ? ನಿಮ್ಮ ವರದಿಗಾರರ ಮೇಲೆ ನನಗೆ ಸಿಟ್ಟಿಲ್ಲ. ಅವರು ಅಲ್ಲಿ ಕಂಡದ್ದನ್ನೇ ತೆಗೆದಿದ್ದಾರೆ. ನನ್ನ ಮಾತು ಇರುವುದು ಪೊಲೀಸ್ ಇಲಾಖೆಯ ಹಿರಿಯ ಅಧಿಕಾರಿಗಳ ಜೊತೆ. ಪತ್ರ ಸ್ವಲ್ಪ ಉದ್ದ ಆಗಿದೆ. ಆದರೂ ಜಾಗ ಮಾಡಿ ಪೂರ್ತಿ ಹಾಕಿ ಎಂದು ಕೇಳಿಕೊಳ್ಳುತ್ತೇನೆ.

ನಾನು ಮುಧೋಳ ಕಡೆಯವನು. ಸಣ್ಣದೊಂದು ಫೋಟೋ ಸ್ಟುಡಿಯೋ ಇದೆ. ಮದುವೆ, ಕುಬಸ, ಶಾಲೆಯ ಗ್ರೂಪ್ ಫೋಟೋ, ಪಾಸ್‌ಪೋರ್ಟ್ ಸೈಜು, ಇವೇ ಹೊಟ್ಟೆಪಾಡು. ಇದರ ಜೊತೆಗೆ ರೋಲ್ ಕ್ಯಾಮೆರಾ ಕಾಲದಿಂದಲೂ ಪೊಲೀಸರು ಕರೆದಾಗ ಹೋಗಿ ಘಟನಾ ಸ್ಥಳದ ಫೋಟೋ ತೆಗೆದುಕೊಡುತ್ತಾ ಬಂದಿದ್ದೇನೆ. ಸಣ್ಣ ಊರುಗಳಲ್ಲಿ ಇದು ಹಳೆಯ ರೂಢಿ. ರಾತ್ರಿ ಎರಡಕ್ಕೆ ಬಾಗಿಲು ಬಡಿದರೂ ಎದ್ದು ಹೋಗಬೇಕು. ವರ್ಷಗಳಾದ ಮೇಲೆ ಕೋರ್ಟಿನಿಂದ ಸಮನ್ಸ್ ಬರುತ್ತದೆ. ಕಟಕಟೆಯಲ್ಲಿ ನಿಂತು ‘ಹೌದು, ಇವು ನಾನೇ ತೆಗೆದ ಫೋಟೋ’ ಎಂದು ಹೇಳಬೇಕು. ಮೊದಲು ನೆಗೆಟಿವ್ ಹಾಜರುಪಡಿಸುತ್ತಿದ್ದೆವು. ಈಗ ಸಿಡಿ ಇಲ್ಲವೇ ಪೆನ್‌ಡ್ರೈವ್, ಜೊತೆಗೆ ಒಂದು ಸರ್ಟಿಫಿಕೇಟ್. ಅದನ್ನು ಎಲ್ಲರೂ ಹಳೆಯ ಸಾಕ್ಷ್ಯ ಕಾಯ್ದೆಯ ಕಲಂ ನಂಬರಿನಿಂದ ‘65ಬಿ’ ಅನ್ನುತ್ತಿದ್ದರು. 2024ರ ಜುಲೈ 1ರಿಂದ ಹೊಸ ಕಾಯ್ದೆಗಳು ಬಂದ ಮೇಲೆ ಅದು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಆಗಿದೆ.

ಹೀಗೆ ಕೋರ್ಟಿಗೆ ಹೋಗಿ ಬಂದವನಿಗೆ ಒಂದು ವಿಷಯ ಚೆನ್ನಾಗಿ ಗೊತ್ತಾಗುತ್ತದೆ. ಕೇಸು ಗಟ್ಟಿಯಾಗುವುದೂ, ಜೊಳ್ಳಾಗುವುದೂ ಮೊದಲ ಒಂದು ಗಂಟೆಯಲ್ಲಿ. ಆ ಒಂದು ಗಂಟೆಯಲ್ಲಿ ಒಳಗೆ ಯಾರು ಹೋದರು, ಏನು ಮುಟ್ಟಿದರು ಎನ್ನುವುದಕ್ಕೆ ನಮ್ಮಲ್ಲಿ ಯಾವ ಲೆಕ್ಕವೂ ಇರುವುದಿಲ್ಲ.

ಒಂದು ಕೇಸಿನ ಸಂಗತಿ ಹೇಳುತ್ತೇನೆ. ಊರು, ಠಾಣೆ, ಹೆಸರು ಯಾವುದೂ ಬೇಡ. ಒಂದು ಮನೆಯಲ್ಲಿ ಕೊಲೆ ಆಗಿತ್ತು. ನಾನು ಹೋದಾಗ ಪಡಸಾಲೆಯಲ್ಲಿ ಮಂದಿ ಕಿಕ್ಕಿರಿದಿದ್ದರು. ಪಿಎಸ್ಐ ಸಾಹೇಬರು ಎಲ್ಲರನ್ನೂ ಹೊರಗೆ ಹಾಕಿಸಿದರು. ಆಮೇಲೆ ನಾನು ನಾಲ್ಕು ಮೂಲೆಯಿಂದ ಫೋಟೋ ತೆಗೆದೆ. ಮೊದಲು ದೂರದಿಂದ, ಆಮೇಲೆ ನಡುವಿನಿಂದ, ಆಮೇಲೆ ಹತ್ತಿರದಿಂದ ಸ್ಕೇಲ್ ಇಟ್ಟು. ಮೂರು ವರ್ಷದ ಮೇಲೆ ಕೋರ್ಟಿನಲ್ಲಿ ಆರೋಪಿ ಪರ ವಕೀಲರು ಒಂದು ಫೋಟೋ ನನ್ನ ಮುಂದೆ ಹಿಡಿದರು. ‘ಇಲ್ಲಿ ಹೊಸ್ತಿಲ ಹತ್ತಿರ ಒಂದು ಜೊತೆ ಗಂಡಸರ ಚಪ್ಪಲಿ ಕಾಣ್ತದ. ಹೌದಲ್ರಿ?’ ಹೌದು ಎಂದೆ. ‘ಪಂಚನಾಮೆದಾಗ ಚಪ್ಪಲಿ ಇಲ್ಲ. ಜಪ್ತಿ ಪಟ್ಟಿದಾಗೂ ಇಲ್ಲ. ಯಾರವ ಇವು?’ ನನಗೆ ಗೊತ್ತಿಲ್ಲ ಎಂದೆ. ತನಿಖಾಧಿಕಾರಿಯನ್ನು ಕೇಳಿದಾಗ ಅವರೂ ಗೊತ್ತಿಲ್ಲ ಎಂದರು. ಪಂಚರಿಗೂ ಗೊತ್ತಿರಲಿಲ್ಲ.

ಆ ಚಪ್ಪಲಿ ಯಾರದಾದರೂ ಆಗಿರಬಹುದು. ನೋಡಲು ಬಂದ ಓಣಿಯ ಹಿರಿಯರೊಬ್ಬರು ರೂಢಿಯಂತೆ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಿರಬಹುದು. ಹೊರಗೆ ಹಾಕಿದಾಗ ಗಡಿಬಿಡಿಯಲ್ಲಿ ಬರಿಗಾಲಲ್ಲೇ ಹೋಗಿರಬಹುದು. ನಮ್ಮ ಕಡೆ ಸಾವಿನ ಮನೆಯಾದರೂ ಚಪ್ಪಲಿ ಹಾಕಿಕೊಂಡು ಯಾರೂ ಒಳಗೆ ಹೋಗುವುದಿಲ್ಲ, ಅಲ್ವಾ? ಆದರೆ ಕೋರ್ಟಿಗೆ ‘ಇರಬಹುದು’ ಸಾಕಾಗುವುದಿಲ್ಲ. ಕೊಲೆ ಮಾಡಿದವನು ಬೇರೆಯೇ ಇದ್ದ, ಅವನ ಚಪ್ಪಲಿಯನ್ನು ಪೊಲೀಸರು ಮುಚ್ಚಿಟ್ಟರು ಎಂದು ವಕೀಲರು ವಾದ ಮಾಡಿದರು. ಆರೋಪಿಗೆ ಸಂಶಯದ ಲಾಭ ಸಿಕ್ಕಿ ಬಿಡುಗಡೆ ಆಯಿತು. ಚಪ್ಪಲಿ ಒಂದೇ ಕಾರಣ ಎಂದು ನಾನು ಹೇಳುವುದಿಲ್ಲ. ಸಾಕ್ಷಿಗಳೂ ತಿರುಗಿಬಿದ್ದಿದ್ದರು. ಆದರೆ ಆ ದಿನ ಬಾಗಿಲಲ್ಲಿ ಯಾರಾದರೂ ಒಬ್ಬರು ಬಂದವರ ಹೆಸರು ಬರೆದುಕೊಂಡಿದ್ದರೆ ಆ ವಾದ ಹುಟ್ಟುತ್ತಲೇ ಇರಲಿಲ್ಲ. ಆರೋಪಿ ನಿಜವಾಗಿಯೂ ನಿರಪರಾಧಿ ಆಗಿದ್ದರೆ? ಆಗಲೂ ಆ ಚಪ್ಪಲಿಯ ಒಡೆಯ ಯಾರು ಎಂದು ಮೊದಲ ದಿನವೇ ಗೊತ್ತಾಗಬೇಕಿತ್ತು. ಎರಡೂ ಕಡೆಯಿಂದ ನೋಡಿದರೂ ನಷ್ಟ ಸತ್ಯಕ್ಕೇ.

ನಾನು ಕೇಳುತ್ತಿರುವುದು ಇಷ್ಟೇ. ಘಟನೆ ನಡೆದ ಸ್ಥಳಕ್ಕೆ ಮೊದಲು ಬರುವ ಪೊಲೀಸ್ ಸಿಬ್ಬಂದಿಯ ಕೈಯಲ್ಲಿ ಪುಟಗಳಿಗೆ ನಂಬರ್ ಹಾಕಿದ ಒಂದು ನೋಟ್‌ಬುಕ್ ಇರಲಿ. ಒಳಗೆ ಹೋಗುವ ಪ್ರತಿಯೊಬ್ಬರ ಹೆಸರು, ಹೋದ ಸಮಯ, ಬಂದ ಸಮಯ, ಯಾಕೆ ಹೋದರು, ಏನಾದರೂ ಮುಟ್ಟಿದರೇ ಎಂದು ಅದರಲ್ಲಿ ಬರೆಯಲಿ. ಕೆಳಗೆ ಅವರ ಸಹಿ. ಆ ಪುಸ್ತಕ ಕೇಸಿನ ಕಾಗದಪತ್ರಗಳ ಜೊತೆ ಕೋರ್ಟಿಗೆ ಹೋಗಲಿ. ಮದುವೆ ಮನೆಯಲ್ಲಿ ಆಯೇರಿ ಬರೆಯಲು ಒಬ್ಬ ಹುಡುಗನನ್ನು ಕೂರಿಸುತ್ತೇವೆ. ಐವತ್ತೊಂದು ರೂಪಾಯಿ ಕೊಟ್ಟವರ ಹೆಸರೂ ತಪ್ಪುವುದಿಲ್ಲ. ಕೊಲೆಯಾದ ಮನೆಗೆ ಬಂದು ಹೋದವರ ಹೆಸರು ಬರೆಯಲು ನಮಗೆ ಒಬ್ಬರೂ ಸಿಗುವುದಿಲ್ಲವೇ?

ಇದು ಹೊಸ ವಿಚಾರವೇನೂ ಅಲ್ಲ. ಹೊರಗಿನ ಹಲವು ದೇಶಗಳಲ್ಲಿ ಇಂಥ ಪುಸ್ತಕ ಇಡುವ ರೂಢಿ ಇದೆ. ನಮ್ಮಲ್ಲೂ ದೊಡ್ಡ ಕೇಸುಗಳಲ್ಲಿ ಟೇಪ್ ಕಟ್ಟುತ್ತಾರೆ, ಕಾವಲು ಹಾಕುತ್ತಾರೆ. ವಿಜಯಪುರ ಜಿಲ್ಲೆಯಲ್ಲಿ 2025ರ ಮೇನಲ್ಲಿ ಮನಗೂಳಿಯ ಬ್ಯಾಂಕ್ ದೋಚಿದಾಗ, ಸೆಪ್ಟೆಂಬರ್‌ನಲ್ಲಿ ಚಡಚಣದ ಬ್ಯಾಂಕ್ ದರೋಡೆ ಆದಾಗ ಇಡೀ ಇಲಾಖೆಯೇ ಎದ್ದು ನಿಂತಿತು. ಚಡಚಣದ ದರೋಡೆಕೋರರ ಕಾರು ಸಿಕ್ಕಿದ್ದು ಗಡಿ ದಾಟಿ ಸೊಲ್ಲಾಪುರ ಜಿಲ್ಲೆಯ ಹುಲಜಂತಿಯಲ್ಲಿ. ಅಂದರೆ ಕಾಯಬೇಕಾದ ಜಾಗ ಬ್ಯಾಂಕ್ ಒಂದೇ ಆಗಿರಲಿಲ್ಲ. ಆ ಕಾರಿನ ಸ್ಟೇರಿಂಗ್, ಬಾಗಿಲ ಹಿಡಿ, ಸೀಟು, ಎಲ್ಲವೂ ಕಾಯಬೇಕಾದ ಜಾಗವೇ. ಅದೂ ಬೇರೆ ರಾಜ್ಯದ ಒಂದು ಹಳ್ಳಿಯಲ್ಲಿ. ಇಂಥ ಕೇಸುಗಳಿಗೆ ಎಸ್ಪಿ ಬರುತ್ತಾರೆ, ಐಜಿಪಿ ಬರುತ್ತಾರೆ. ಹಳ್ಳಿಯ ಒಂದು ಸಾವಿಗೆ ಬರುವುದು ಒಬ್ಬ ಕಾನ್‌ಸ್ಟೆಬಲ್ ಮತ್ತು ಒಂದು ಬೈಕು. ನನಗೆ ಚಿಂತೆ ಇರುವುದು ಈ ಸಣ್ಣ ಕೇಸುಗಳದ್ದೇ. ಸತ್ತವರ ಮನೆಯವರಿಗೆ ಅದು ಸಣ್ಣ ಕೇಸಲ್ಲ.

ನಮ್ಮ ಘಟಪ್ರಭಾ ಕಡೆ ಎಲ್ಲ ಕಬ್ಬಿನ ಹೊಲ. ಹೊಲದಲ್ಲಿ ಹೆಣ ಸಿಕ್ಕರೆ ಏನಾಗುತ್ತದೆ ಎಂದು ಬೆಂಗಳೂರಿನಲ್ಲಿ ಕೂತವರಿಗೆ ಗೊತ್ತಾಗುವುದು ಕಷ್ಟ. ಒಮ್ಮೆ ಬೆಳಗಿನ ಜಾವ ನನ್ನನ್ನು ಕರೆದುಕೊಂಡು ಹೋಗಿದ್ದರು. ಕಬ್ಬಿನ ಸಾಲುಗಳ ನಡುವೆ ಹಸಿ ಮಣ್ಣಿನಲ್ಲಿ ಹೆಜ್ಜೆ ಗುರುತು ಬಹಳ ಚೆನ್ನಾಗಿ ಮೂಡಿತ್ತು. ಬ್ಯಾಟರಿ ಬೆಳಕನ್ನು ಓರೆಯಾಗಿ ಹಿಡಿದರೆ ಬೂಟಿನ ಅಡಿಯ ಗೆರೆ ಗೆರೆ ಕಾಣುತ್ತಿತ್ತು. ಸ್ಕೇಲ್ ತರಲು ಒಬ್ಬರು ಜೀಪಿನ ಕಡೆ ಹೋದರು. ಅಷ್ಟರಲ್ಲಿ ಥ್ರೀಫೇಸ್ ಕರೆಂಟ್ ಬಂತು. ಬೋರಿನ ಮೋಟರಿಗೆ ಆಟೋ ಸ್ಟಾರ್ಟರ್ ಹಾಕಿದ್ದರು. ಮೋಟರ್ ತಾನೇ ಶುರುವಾಯಿತು. ಕಾಲುವೆಯಲ್ಲಿ ನೀರು ಬಂದು ಸಾಲಿಗೆ ನುಗ್ಗಿತು. ‘ಮೋಟರ್ ಬಂದ್ ಮಾಡ್ರೋ’ ಎಂದು ಕೂಗುತ್ತಾ ಹುಡುಗರು ಸ್ಟಾರ್ಟರ್ ಡಬ್ಬಿ ಇರುವ ಕಡೆ ಓಡಿದರು. ಓಡಿದ್ದೂ ಅದೇ ಸಾಲಿನಲ್ಲೇ. ನೀರು ನಿಲ್ಲುವ ಹೊತ್ತಿಗೆ ಅಲ್ಲಿ ಬರೀ ರಾಡಿ ಇತ್ತು.

ಇದರಲ್ಲಿ ಯಾರದ್ದೂ ಕೆಟ್ಟ ಬುದ್ಧಿ ಇರಲಿಲ್ಲ. ಆದರೆ ನೀರಾವರಿ ಹೊಲಕ್ಕೆ ಹೋದ ಪೊಲೀಸರು ಮೊದಲು ಮಾಡಬೇಕಾದ ಕೆಲಸ ಸ್ಟಾರ್ಟರಿನ ಫ್ಯೂಸ್ ತೆಗೆಸುವುದು. ಅದನ್ನು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಕ್ಕಿಲ್ಲ. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಠಾಣೆಗಳಿಗೆ ಹೇಳಿಕೊಡಲೇಬೇಕು. ಆಮೇಲೆ ಹೊಲಕ್ಕೆ ಹೋಗಿ ಬರಲು ಒಂದೇ ದಾರಿ ಗೊತ್ತು ಮಾಡಬೇಕು. ಅಪರಾಧಿ ಬಂದಿರಬಹುದಾದ ಕಾಲುದಾರಿಯನ್ನು ಬಿಟ್ಟು, ಬೇರೆ ಕಡೆಯಿಂದ ನಾಲ್ಕು ಕೋಲು ನೆಟ್ಟು ಹಗ್ಗ ಕಟ್ಟಿದರೂ ಸಾಕು. ಎಲ್ಲರೂ ಅಲ್ಲೇ ನಡೆಯಲಿ. ಎಸ್ಪಿ ಸಾಹೇಬರೂ ಅಲ್ಲೇ.

ಶ್ವಾನದಳದ ವಿಷಯದಲ್ಲೂ ಹೀಗೇ. ನಾಯಿ ಬಾಗಲಕೋಟೆಯಿಂದ ಬರಬೇಕು. ಗಂಟೆಗೂ ಜಾಸ್ತಿ ಹೊತ್ತು ಬೇಕು. ಅಷ್ಟರಲ್ಲಿ ಊರಿನ ಅರ್ಧ ಮಂದಿ ಆ ಜಾಗದಲ್ಲಿ ಓಡಾಡಿರುತ್ತಾರೆ. ನಾಯಿ ಡಾಂಬರು ರಸ್ತೆವರೆಗೆ ಹೋಗಿ ನಿಂತಿತು ಎಂದು ಮಂದಿ ಬೇಸರ ಮಾಡಿಕೊಳ್ಳುತ್ತಾರೆ. ಅಷ್ಟೊಂದು ವಾಸನೆಯಲ್ಲಿ ಅದು ಯಾರದ್ದನ್ನು ಹಿಡಿಯಬೇಕು? (ನಮ್ಮ ಮುಧೋಳ ನಾಯಿಯನ್ನೇ ಯಾಕೆ ತರುವುದಿಲ್ಲ ಎಂದು ಹೊರಗಿನವರು ಕೇಳುತ್ತಿರುತ್ತಾರೆ. ಮುಧೋಳ ನಾಯಿ ಹೆಸರು ಮಾಡಿದ್ದು ಕಣ್ಣಿನಿಂದ ನೋಡಿ ಬೆನ್ನಟ್ಟುವ ಬೇಟೆಗೆ. ಮೂಸಿ ಜಾಡು ಹಿಡಿಯುವ ಕೆಲಸ ಬೇರೆ.)

ಇನ್ನು ನನಗೆ ಬಹಳ ನೋವು ಕೊಡುವ ಮಾತು. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಅಸಹಜವಾಗಿ ತೀರಿಕೊಂಡರೆ ಪೊಲೀಸರ ಜೊತೆಗೆ ತಾಲ್ಲೂಕು ದಂಡಾಧಿಕಾರಿಗಳು, ಅಂದರೆ ತಹಶೀಲ್ದಾರರು, ಬಂದು ಶವದ ಪಂಚನಾಮೆ ಮಾಡುವ ಪದ್ಧತಿ ಇದೆ. ಕಾನೂನು ಇದನ್ನು ಇಟ್ಟಿರುವುದೇ ವರದಕ್ಷಿಣೆ ಸಾವುಗಳು ಮುಚ್ಚಿಹೋಗಬಾರದು ಎಂದು. ತಹಶೀಲ್ದಾರರಿಗೆ ನೂರು ಕೆಲಸ. ಮೀಟಿಂಗ್ ಬಿಟ್ಟು ಹೊರಟರೂ ಹಳ್ಳಿ ಮುಟ್ಟಲು ಮೂರು ನಾಲ್ಕು ತಾಸು ಆಗುತ್ತದೆ. ಆ ಮೂರು ತಾಸು ಮನೆ ಯಾರ ಕೈಯಲ್ಲಿ ಇರುತ್ತದೆ? ಗಂಡನ ಮನೆಯವರ ಕೈಯಲ್ಲೇ. ನಾನು ನೋಡಿದ್ದೇನೆ. ಅಡಿಗೆ ಮನೆಯ ಕಟ್ಟೆ ಅಷ್ಟರಲ್ಲಿ ತೊಳೆದು ಒಣಗಿರುತ್ತದೆ. ಹಾಸಿಗೆ ಮಡಚಿ ಇಟ್ಟಿರುತ್ತಾರೆ. ಆ ಮಗಳ ಮೊಬೈಲ್ ‘ಎಲ್ಲಿ ಹೋತೋ ಗೊತ್ತಿಲ್ರಿ’. ಬಂದ ಮಂದಿಗೆ ಕೂರಲು ಜಾಗ ಮಾಡಬೇಕಿತ್ತು, ಅದಕ್ಕೆ ಕಸ ಹೊಡೆದೆವು ಎನ್ನುತ್ತಾರೆ. ನಿಜಕ್ಕೂ ಅದಕ್ಕೇ ಹೊಡೆದಿರಬಹುದು, ಇಲ್ಲದೆಯೂ ಇರಬಹುದು. ತವರು ಮನೆಯವರು ಟೆಂಪೋ ಮಾಡಿಕೊಂಡು ಅಳುತ್ತಾ ಬರುವ ಹೊತ್ತಿಗೆ ಮನೆ ಹಬ್ಬಕ್ಕೆ ತಯಾರಾದ ಹಾಗೆ ಸ್ವಚ್ಛವಾಗಿರುತ್ತದೆ. ಆ ತಾಯಿಗೆ ಮುಂದೆ ಯಾವ ಕೋರ್ಟ್ ಏನು ಕೊಡಲಿಕ್ಕೆ ಸಾಧ್ಯ?

ನೇಣಿನ ಕೇಸುಗಳಲ್ಲಿ ಹಗ್ಗದ ಗಂಟನ್ನು ಬಿಚ್ಚಿಬಿಡುತ್ತಾರೆ. ಜೀವ ಇದೆ ಎಂಬ ಆಸೆಯಿಂದ ಇಳಿಸುವುದು ಸರಿಯೇ, ಜೀವ ಉಳಿಸುವುದೇ ಮೊದಲು. ಆದರೆ ಹಗ್ಗವನ್ನು ಗಂಟಿನಿಂದ ದೂರ ಕತ್ತರಿಸಬೇಕು. ಗಂಟು ಹಾಗೇ ಉಳಿದರೆ ಅದನ್ನು ಕಟ್ಟಿದ್ದು ಹೇಗೆ ಎಂದು ಡಾಕ್ಟರು ಹೇಳಬಲ್ಲರು. ರಕ್ತ ಹತ್ತಿದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ ಕೊಳೆತು ಹೋಗುತ್ತದೆ. ನೆರಳಲ್ಲಿ ಒಣಗಿಸಿ ಕಾಗದದ ಕವರಿನಲ್ಲಿ ಹಾಕಬೇಕು. 108 ಆಂಬುಲೆನ್ಸಿನವರು ಒಳಗೆ ಬರಲೇಬೇಕು. ಅವರು ಬಿಟ್ಟುಹೋದ ಗ್ಲೌಸು, ಸಿರಿಂಜು, ಹತ್ತಿ ಯಾವುದು, ಅವರು ಸರಿಸಿದ ಮಂಚ ಯಾವುದು ಎಂದು ಆ ಪುಸ್ತಕದಲ್ಲಿ ಬರೆದಿದ್ದರೆ ಮುಂದೆ ಯಾರಿಗೂ ಗೊಂದಲ ಇಲ್ಲ.

ಕಾನೂನು ಏನು ಹೇಳುತ್ತದೆ ಎಂದು ನಮ್ಮೂರ ವಕೀಲರನ್ನು ಕೇಳಿ ತಿಳಿದುಕೊಂಡೆ. ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176ನೇ ಕಲಮಿನಲ್ಲಿ, ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಆಗಬಹುದಾದ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಲೇಬೇಕು, ಆ ಕೆಲಸದ ವಿಡಿಯೋ ಆಗಬೇಕು ಎಂದಿದೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದ ತನಕ ಸಮಯ ಕೊಟ್ಟಿದ್ದಾರೆ. 105ನೇ ಕಲಂ ಪ್ರಕಾರ ಶೋಧನೆ ಮತ್ತು ಜಪ್ತಿಯ ವಿಡಿಯೋ ಮಾಡಿ ತಡಮಾಡದೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕು. ಅದಕ್ಕೆ ‘ಇ-ಸಾಕ್ಷ್ಯ’ ಎಂಬ ಆ್ಯಪ್ ಕೂಡ ಇದೆ. ಘಟನಾ ಸ್ಥಳದ ವಿಡಿಯೋವನ್ನು ಹಂತ ಹಂತವಾಗಿ ತರಬೇಕು ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿತ್ತು. ನಮ್ಮ ರಾಜ್ಯದಲ್ಲಿ ಈಗ ‘ಸೋಕೋ’ ಎಂದು ಕರೆಯುವ, ಘಟನಾ ಸ್ಥಳಕ್ಕೇ ಮೀಸಲಾದ ಅಧಿಕಾರಿಗಳೂ ಇದ್ದಾರೆ. ಬೆಳಗಾವಿಯಲ್ಲಿ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಇದೆ. ಇದೆಲ್ಲ ಬಹಳ ಒಳ್ಳೆಯದು. ನಮ್ಮಂಥ ಸ್ಟುಡಿಯೋದವರ ಕೆಲಸ ಕಡಿಮೆ ಆಗುತ್ತಿದೆ, ಆಗಲಿ. ಆದರೆ ತಜ್ಞರು ಬರುವ ಹೊತ್ತಿಗೆ ಅಲ್ಲಿ ಏನಾದರೂ ಉಳಿದಿರಬೇಕಲ್ಲ? ನೂರು ಮಂದಿ ತುಳಿದ ಜಾಗದ ವಿಡಿಯೋ ಎಷ್ಟು ಸ್ಪಷ್ಟ ಇದ್ದರೇನು?

ಫ್ರಾನ್ಸಿನ ಲಿಯಾನ್ ಎಂಬ ಊರಿನಲ್ಲಿ 1910ರಲ್ಲೇ ಪೊಲೀಸ್ ಪ್ರಯೋಗಾಲಯ ಶುರು ಮಾಡಿದ ಎಡ್ಮಂಡ್ ಲೊಕಾರ್ಡ್ ಎಂಬವರಿದ್ದರು. ಒಂದು ಜಾಗಕ್ಕೆ ಹೋದವನು ಅಲ್ಲಿ ತನ್ನದೇನನ್ನೋ ಬಿಟ್ಟು ಬರುತ್ತಾನೆ, ಅಲ್ಲಿಯದೇನನ್ನೋ ಹೊತ್ತು ತರುತ್ತಾನೆ ಎನ್ನುವುದು ಅವರ ಸಿದ್ಧಾಂತ. ಇದು ಅಪರಾಧಿಗೆ ಎಷ್ಟು ನಿಜವೋ, ನೋಡಲು ಹೋದ ನಮಗೂ ಅಷ್ಟೇ ನಿಜ.

ಇಂಥ ಸಣ್ಣ ಗುರುತುಗಳು ಎಷ್ಟು ದೂರ ಹೋಗುತ್ತವೆ ಎಂಬುದಕ್ಕೆ ನಮ್ಮ ಭಾಗದವರದೇ ಉದಾಹರಣೆ ಇದೆ. ಸಿಂದಗಿ ತಾಲ್ಲೂಕಿನಲ್ಲಿ ಹುಟ್ಟಿದ ಡಾ. ಎಂ.ಎಂ. ಕಲಬುರ್ಗಿಯವರನ್ನು 2015ರ ಆಗಸ್ಟ್ 30ರಂದು ಧಾರವಾಡದ ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಎರಡು ವರ್ಷದ ಮೇಲೆ, 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶ್ ಹತ್ಯೆ ಆಯಿತು. ಎರಡೂ ಕಡೆಯ ಗುಂಡುಗಳು ಒಂದೇ 7.65 ಎಂಎಂ ನಾಡ ಪಿಸ್ತೂಲಿನಿಂದ ಹಾರಿದವು ಎಂದು ವಿಧಿವಿಜ್ಞಾನ ವರದಿ ಹೇಳಿತು. ಆ ಒಂದು ಹೋಲಿಕೆಯಿಂದ ಎರಡು ಕೊಲೆಗಳ ನಡುವಿನ ನಂಟು ಗೊತ್ತಾಯಿತು. ಬೆರಳಿನ ಗೆಣ್ಣಿನಷ್ಟು ದೊಡ್ಡದಿಲ್ಲದ ಲೋಹದ ತುಣುಕು ಅದು. ಯಾರದೋ ಕಾಲಿಗೆ ಸಿಕ್ಕಿ ಗಟಾರಕ್ಕೆ ಬೀಳಲು ಎಷ್ಟು ಹೊತ್ತು ಬೇಕು?

ಕಾಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ನೋಯ್ಡಾದ ಆರುಷಿ ಎಂಬ ಹುಡುಗಿಯ ಕೊಲೆ ಕೇಸು ದೇಶಕ್ಕೆಲ್ಲ ಗೊತ್ತು. 2008ರ ಮೇ 16ರ ಬೆಳಿಗ್ಗೆ ಆ ಮನೆಯೊಳಗೆ ನೆರೆಹೊರೆಯವರು, ನೆಂಟರು, ಮಾಧ್ಯಮದವರು ಎಲ್ಲ ಓಡಾಡಿದರು. ಟೆರೇಸಿನ ಬಾಗಿಲಿಗೆ ಬೀಗ ಇತ್ತು. ಅದನ್ನು ಅಂದು ತೆಗೆಸಲಿಲ್ಲ. ಮನೆಗೆಲಸದ ಹೇಮರಾಜ್ ಅವರ ಶವ ಅದೇ ಟೆರೇಸಿನ ಮೇಲೆ ಸಿಕ್ಕಿದ್ದು ಮರುದಿನ. ಒಂಬತ್ತು ವರ್ಷದ ಮೇಲೆ, 2017ರ ಅಕ್ಟೋಬರಿನಲ್ಲಿ, ಅಲಹಾಬಾದ್ ಹೈಕೋರ್ಟ್ ಕೊಲೆ ಆರೋಪ ಹೊತ್ತಿದ್ದ ಆರುಷಿಯ ತಂದೆ ತಾಯಿಯನ್ನು ಬಿಡುಗಡೆ ಮಾಡಿತು. ಆ ರಾತ್ರಿ ಏನಾಯಿತು ಎನ್ನುವ ಪ್ರಶ್ನೆಗೆ ಈಗಲೂ ಒಪ್ಪುವಂಥ ಉತ್ತರ ಇಲ್ಲ.

‘ಒಬ್ಬ ಕಾನ್‌ಸ್ಟೆಬಲ್ ಏನು ಮಾಡಿಯಾನು?’ ಎಂದು ಕೇಳಬಹುದು. ನಾನೂ ಅದನ್ನೇ ಹೇಳುತ್ತಿದ್ದೇನೆ. ಅವನಿಗೆ ಕೈಗೆ ಏನೂ ಕೊಡದೆ ಬಾಗಿಲಲ್ಲಿ ನಿಲ್ಲಿಸುತ್ತೇವೆ. ಒಳಗೆ ಹೋಗುವವರು ಯಾರು? ಮಾಜಿ ಅಧ್ಯಕ್ಷರು, ಹಾಲಿ ಸದಸ್ಯರು, ಶಾಸಕರ ಜೊತೆ ಬಂದ ಇಪ್ಪತ್ತು ಮಂದಿ. ಸಾಂತ್ವನ ಹೇಳಲು ಬಂದವರನ್ನು ತಡೆದರೆ ‘ಏ ತಮ್ಮಾ, ನಾ ಯಾರು ಗೊತ್ತೈತಿಲ್ಲೋ?’ ಎನ್ನುತ್ತಾರೆ. ಮರುದಿನ ಅವನಿಗೆ ಎಲ್ಲೋ ಬಂದೋಬಸ್ತ್ ಡ್ಯೂಟಿ. ಈ ಹೆದರಿಕೆ ಸುಳ್ಳಲ್ಲ. ಹಾಗಾಗಿಯೇ ಪುಸ್ತಕ ಬೇಕು ಎನ್ನುತ್ತಿರುವುದು. ‘ಒಳಗ ಬ್ಯಾಡ್ರಿ’ ಎಂದು ಶಾಸಕರಿಗೆ ಹೇಳುವುದು ಕಾನ್‌ಸ್ಟೆಬಲ್‌ಗೆ ಕಷ್ಟ. ‘ಸಾಹೇಬ್ರ, ಒಳಗ ಹೋಗೋದಾದ್ರ ಇಲ್ಲಿ ಹೆಸರು ಬರದು ಸಹಿ ಮಾಡ್ರಿ, ಇದು ಕೋರ್ಟಿಗೆ ಹೋಗ್ತದ್ರಿ, ನಾಳೆ ಸಾಕ್ಷಿಗೆ ಕರೀಬಹುದ್ರಿ’ ಎನ್ನುವುದು ಸುಲಭ. ಆ ಮಾತು ಕೇಳಿದ ಮೇಲೆ ಹತ್ತರಲ್ಲಿ ಒಂಬತ್ತು ಮಂದಿ ಹೊರಗೇ ಕುರ್ಚಿ ಹಾಕಿಸಿಕೊಂಡು ಕೂರುತ್ತಾರೆ ಎಂದು ನನಗೆ ಖಾತ್ರಿ ಇದೆ.

ಹಿರಿಯ ಅಧಿಕಾರಿಗಳೂ ಇದಕ್ಕೆ ಒಳಪಡಬೇಕು. ಕೆಲಸ ಇಲ್ಲದೆ ಒಳಗೆ ಹೋಗಬಾರದು. ಹೋದರೆ ಸಹಿ ಮಾಡಬೇಕು. ಡಿವೈಎಸ್ಪಿಯವರು ನಿಂತು ಸಹಿ ಮಾಡುವುದನ್ನು ನೋಡಿದರೆ ಊರ ಗೌಡರು ಮಾಡದೇ ಇರುತ್ತಾರೆಯೇ?

ಸಿಬ್ಬಂದಿ ಕಡಿಮೆ ಎನ್ನುವ ಮಾತೂ ನಿಜ. ಚಳಿಗಾಲದ ಅಧಿವೇಶನ ಬಂದರೆ ನಮ್ಮ ಠಾಣೆಗಳಿಂದ ಮಂದಿ ಬೆಳಗಾವಿ ಸುವರ್ಣ ವಿಧಾನಸೌಧಕ್ಕೆ ಹೋಗುತ್ತಾರೆ. ಜಾತ್ರೆ, ಗಣೇಶನ ಹಬ್ಬ, ಚುನಾವಣೆ, ಕಬ್ಬಿನ ಹೋರಾಟ. ಠಾಣೆಯಲ್ಲಿ ಉಳಿಯುವವರು ನಾಲ್ಕೈದು ಮಂದಿ. ಹೊರಗಿನ ಗದ್ದಲ ನೋಡಿಕೊಳ್ಳಲು ಗೃಹರಕ್ಷಕ ದಳದವರನ್ನು ಬಳಸಬಹುದು. ಹಳ್ಳಿಯಲ್ಲಿ ಪಂಚಾಯ್ತಿಯ ವಾಲೀಕಾರ ಇರುತ್ತಾನೆ, ಊರ ಮಂದಿ ಎಲ್ಲರ ಮುಖ ಅವನಿಗೆ ಗೊತ್ತು. ಹಗ್ಗದ ಹೊರಗೆ ಅವನನ್ನು ನಿಲ್ಲಿಸಬಹುದು. ಪುಸ್ತಕ ಮಾತ್ರ ಪೊಲೀಸರ ಕೈಯಲ್ಲೇ ಇರಬೇಕು. 112ಕ್ಕೆ ಕರೆ ಬಂದಾಗ ಆ ಕಡೆಯವರು ವಿಳಾಸ ಕೇಳುತ್ತಾರಲ್ಲ, ಜೊತೆಗೇ ಒಂದು ಮಾತು ಹೇಳಲಿ: ‘ಯಾರಿಗಾದರೂ ಜೀವ ಇದ್ದರೆ ಮೊದಲು ಅವರನ್ನು ನೋಡಿ. ಇಲ್ಲದಿದ್ದರೆ ಬಾಗಿಲು ಮುಂದಕ್ಕೆ ಹಾಕಿ ಹೊರಗೆ ನಿಲ್ಲಿ. ಕಸ ಹೊಡೆಯಬೇಡಿ, ಏನೂ ಎತ್ತಬೇಡಿ.’ ಅರ್ಧ ನಿಮಿಷದ ಮಾತು.

ಮೊಬೈಲ್ ಹಿಡಿದು ಒಳಗೆ ನುಗ್ಗುವ ಹುಡುಗರಿಗೂ ಒಂದು ಮಾತು. ಸತ್ತವರ ಫೋಟೋ ವಾಟ್ಸ್ಆ್ಯಪ್ ಗುಂಪಿನಲ್ಲಿ ಮೊದಲು ಹಾಕಿದವನಿಗೆ ಯಾರೂ ಬಹುಮಾನ ಕೊಡುವುದಿಲ್ಲ. ಪುಣೆಯಲ್ಲಿ ದುಡಿಯುವ ಮಗ ತನ್ನ ತಂದೆ ಸತ್ತ ಸುದ್ದಿಯನ್ನು ಆ ಫೋಟೋದಿಂದಲೇ ತಿಳಿದುಕೊಂಡದ್ದನ್ನು ನಾನು ನೋಡಿದ್ದೇನೆ. ಅತ್ಯಾಚಾರದ ಕೇಸಾಗಿದ್ದರೆ ಸಂತ್ರಸ್ತೆಯ ಗುರುತು ಬಯಲು ಮಾಡುವುದೇ ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಅಪರಾಧ. ಪತ್ರಕರ್ತ ಮಿತ್ರರೇ, ನಿಮ್ಮಲ್ಲೂ ಕೈಮುಗಿದು ಕೇಳುತ್ತೇನೆ. ಹಗ್ಗದ ಆಚೆಯಿಂದ ಫೋಟೋ ತೆಗೆಯಿರಿ. ಝೂಮ್ ಎಲ್ಲರ ಹತ್ತಿರ ಇದೆ. ಒಳಗಿನ ಫೋಟೋ ಅಚ್ಚಾದರೆ ಓದುಗರಿಗೆ ಗೊತ್ತಾಗುವುದು ಕಡಿಮೆ, ಆರೋಪಿಗೆ ಗೊತ್ತಾಗುವುದು ಜಾಸ್ತಿ.

ಬೆಳಗಾವಿಯಲ್ಲಿ ಕಚೇರಿ ಇರುವ ಉತ್ತರ ವಲಯದ ಐಜಿಪಿಯವರು ಒಂದು ಸುತ್ತೋಲೆ ಹೊರಡಿಸಿದರೆ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಠಾಣೆಗಳಿಗೆಲ್ಲ ಮುಟ್ಟುತ್ತದೆ. ಬೆಳಗಾವಿ ನಗರಕ್ಕೆ ಕಮಿಷನರ್ ಬೇರೆ ಇದ್ದಾರೆ, ಅವರೂ ಮಾಡಬಹುದು. ಇದಕ್ಕೆ ಹೊಸ ಕಾಯ್ದೆ ಬೇಡ, ಬಜೆಟ್ ಬೇಡ. ಪ್ರತಿ ಬೀಟ್ ಬೈಕಿನ ಡಿಕ್ಕಿಯಲ್ಲಿ ಮತ್ತು 112 ವಾಹನದಲ್ಲಿ ಒಂದು ನೋಟ್‌ಬುಕ್, ಎರಡು ಪೆನ್ನು, ಒಂದು ಉಂಡೆ ಹಗ್ಗ ಅಥವಾ ಟೇಪು, ಸ್ವಲ್ಪ ಸುಣ್ಣದ ಪುಡಿ, ಒಂದು ಬ್ಯಾಟರಿ, ಹತ್ತಾರು ಕಾಗದದ ಕವರು, ಒಂದು ಉದ್ದನೆಯ ಸ್ಕೇಲ್ ಇದ್ದರೆ ಸಾಕು. ಇವೆಲ್ಲ ಸಂತೆಯಲ್ಲಿ ಸಿಗುವ ಸಾಮಾನು.

ಕೊನೆಗೆ ಇನ್ನೊಂದು ವಿಷಯ. ಇದನ್ನು ಯಾರೂ ಎತ್ತುವುದೇ ಇಲ್ಲ. ಮನೆಗೆ ಬೀಗ ಹಾಕಿಕೊಂಡು ಹೋಗುವ ಪೊಲೀಸರು ಮತ್ತೆ ಯಾವಾಗ ತೆಗೆಯುತ್ತಾರೆ ಎಂದು ಮನೆಯವರಿಗೆ ಹೇಳುವುದಿಲ್ಲ. ಒಳಗೆ ದನ ಕಟ್ಟಿರುತ್ತವೆ. ಅವಕ್ಕೆ ಮೇವು, ನೀರು ಬೇಕು. ಮಕ್ಕಳ ಪುಸ್ತಕ, ಮುದುಕರ ಮಾತ್ರೆ ಎಲ್ಲ ಒಳಗೇ. ಪಕ್ಕದವರ ಕಟ್ಟೆಯ ಮೇಲೆ ಎರಡು ಮೂರು ದಿನ ಮಲಗಿದವರು ಕಡೆಗೆ ಬೇಸತ್ತು ಹಿತ್ತಲ ಬಾಗಿಲಿನಿಂದ ಒಳಗೆ ಹೋಗುತ್ತಾರೆ. ಅಲ್ಲಿಗೆ ಕಾದದ್ದೆಲ್ಲ ಹಾಳು. ಆದ್ದರಿಂದ ದನಗಳನ್ನು ಮೊದಲೇ, ಫೋಟೋ ಆದ ಕೂಡಲೇ, ಪೊಲೀಸರ ಎದುರಿಗೆ ಹೊರಗೆ ಹೊಡೆಸಿ. ಬೇಕಾದ ಮಾತ್ರೆ, ಬಟ್ಟೆಯನ್ನು ಅವರ ಕೈಗೆ ಕೊಟ್ಟು ಪುಸ್ತಕದಲ್ಲಿ ಬರೆದುಕೊಳ್ಳಿ. ಅದೇ ಪುಸ್ತಕದ ಕೊನೆಯ ಪುಟದಲ್ಲಿ ‘ಇಂಥ ದಿನ, ಇಷ್ಟು ಹೊತ್ತಿಗೆ ತನಿಖೆ ಮುಗಿದು ಮನೆಯನ್ನು ಮಾಲೀಕರ ವಶಕ್ಕೆ ಕೊಡಲಾಗಿದೆ’ ಎಂದು ಬರೆದು ಮನೆಯ ಯಜಮಾನರ ಸಹಿ ತೆಗೆದುಕೊಳ್ಳಿ. ಅವರಿಗೂ ಒಂದು ಪ್ರತಿ ಕೊಡಿ.

ಇಂತಿ,
ಒಬ್ಬ ಸ್ಟುಡಿಯೋ ಫೋಟೋಗ್ರಾಫರ್
ಮುಧೋಳ ತಾಲ್ಲೂಕು, ಬಾಗಲಕೋಟೆ ಜಿಲ್ಲೆ
(ಕೆಲವು ಕೇಸುಗಳಲ್ಲಿ ನಾನಿನ್ನೂ ಸಾಕ್ಷಿ ಹೇಳುವುದು ಬಾಕಿ ಇರುವುದರಿಂದ ಹೆಸರು ಪ್ರಕಟಿಸಬೇಡಿ. ಹೆಸರು, ವಿಳಾಸವನ್ನು ಬೇರೆ ಕಾಗದದಲ್ಲಿ ಕಳಿಸಿದ್ದೇನೆ.)